ಫೈಲು ನಿಮ್ಮದು, ಓದಿಕೊಳ್ಳಿ

(ಜಯನಗರದ ಸಮುದಾಯ ಭವನವೊಂದರಲ್ಲಿ ಭಾನುವಾರ ಬೆಳಿಗ್ಗೆ ಆಡಿದ ಮಾತುಗಳ ಬರಹ ರೂಪ. ಮಾತಿನ ಓಟವನ್ನು ಆದಷ್ಟು ಹಾಗೇ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ನಾನು ಡಾಕ್ಟರಲ್ಲ. ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತಳಾದವಳು. ಸ್ತನ ಕ್ಯಾನ್ಸರ್ ಬಂದು ಕೀಮೋ, ಆಪರೇಷನ್, ರೇಡಿಯೇಶನ್ ಮೂರನ್ನೂ ಮುಗಿಸಿಕೊಂಡವಳು. ಈಗ ಗುರುತಿನವರ ಮೂಲಕ ಹೊಸ ರೋಗಿಗಳು ಫೈಲು ಹಿಡಿದು ಮನೆಗೆ ಬರುತ್ತಾರೆ. ಜೊತೆಗೆ ಕೂತು ವರದಿ ಓದುತ್ತೇವೆ, ಡಾಕ್ಟರನ್ನು ಏನೇನು ಕೇಳಬೇಕು ಅಂತ ಒಂದು ಹಾಳೆಯಲ್ಲಿ ಬರೆದುಕೊಳ್ಳುತ್ತೇವೆ. ಯಾವ ಔಷಧಿ ತಗೊಳ್ಳಬೇಕು, ಯಾವುದು ಬಿಡಬೇಕು ಎಂದು ಹೇಳುವುದು ನನ್ನ ಕೆಲಸವಲ್ಲ. ಅದನ್ನು ಇವತ್ತೂ ಹೇಳುವುದಿಲ್ಲ.

ಹೇಳಬೇಕು ಅಂತ ಬಂದಿರುವುದು ಒಂದೇ ಮಾತು. ಕ್ಯಾನ್ಸರ್ ಇರಬಹುದು ಅಂತ ಸಂಶಯ ಬಂದ ದಿನದಿಂದ ಚಿಕಿತ್ಸೆ ಶುರುವಾಗುವ ದಿನದವರೆಗೆ ಸಾಮಾನ್ಯವಾಗಿ ಕೆಲವು ವಾರ ಹಿಡಿಯುತ್ತದೆ. ಆ ವಾರಗಳಲ್ಲಿ ರೋಗಿ ಏನು ತಿಳಿದುಕೊಂಡರು, ಏನು ಕೇಳಿದರು ಅನ್ನುವುದರ ಮೇಲೆ ಮುಂದಿನದೆಷ್ಟೋ ನಿಂತಿರುತ್ತದೆ. ನಮ್ಮ ಮನೆಗಳಲ್ಲಿ ಆ ಹೊತ್ತಿಗೆ ಏನಾಗುತ್ತದೆ? ಕೆಲವರು ಗಾಬರಿಯಲ್ಲಿ ‘ನಾಳೆಯೇ ಆಪರೇಷನ್ ಮಾಡಿಸಿಬಿಡೋಣ’ ಅನ್ನುತ್ತಾರೆ. ಇನ್ನು ಕೆಲವರು ಸೂಜಿ, ಕತ್ತರಿ ಯಾವುದೂ ಬೇಡ ಅಂತ ನಾಟಿ ಔಷಧಿಯ ಕಡೆ ತಿರುಗಿ ಆರು ತಿಂಗಳು ಕಳೆಯುತ್ತಾರೆ. ಎರಡು ಕಡೆಯೂ ರೋಗಿಯನ್ನು ಯಾರೂ ಏನೂ ಕೇಳಿರುವುದಿಲ್ಲ.

ಮೊದಲಿಗೆ, ಕ್ಯಾನ್ಸರ್ ಅಂದರೆ ಒಂದೇ ಕಾಯಿಲೆ ಅಂತ ನಮ್ಮ ಮನಸ್ಸಿನಲ್ಲಿ ಕೂತುಬಿಟ್ಟಿದೆ. ‘ನಮ್ಮ ಚಿಕ್ಕಪ್ಪನಿಗೆ ಬಂದಿತ್ತು, ಮೂರೇ ತಿಂಗಳಲ್ಲಿ ಹೋದರು, ನನ್ನದೂ ಇನ್ನಷ್ಟೇ’ ಅಂತ ಒಬ್ಬ ಹೆಣ್ಣುಮಗಳು ನನ್ನ ಮುಂದೆ ಅತ್ತಳು. ಚಿಕ್ಕಪ್ಪನಿಗೆ ಬಂದಿದ್ದು ಮೇದೋಜೀರಕ ಗ್ರಂಥಿಯ ಕ್ಯಾನ್ಸರ್. ಇವಳದು ಥೈರಾಯ್ಡಿನದು, ಅದರಲ್ಲೂ ಚಿಕಿತ್ಸೆಗೆ ಚೆನ್ನಾಗಿ ಬಗ್ಗುವ ಬಗೆ. ಜೀವಕೋಶಗಳು ಅಂಕೆ ಮೀರಿ ಹೆಚ್ಚುವುದು, ಪಕ್ಕದ ಅಂಗಾಂಶದೊಳಕ್ಕೆ ನುಗ್ಗುವುದು, ರಕ್ತದಲ್ಲೋ ದುಗ್ಧರಸದಲ್ಲೋ ಸಾಗಿ ಬೇರೆ ಕಡೆ ನೆಲೆಯೂರುವುದು, ಇಷ್ಟು ಮಾತ್ರ ಎಲ್ಲ ಕ್ಯಾನ್ಸರುಗಳಿಗೂ ಸಮಾನ. ಎಲ್ಲಿ ಹುಟ್ಟಿತು, ಯಾವ ಬಗೆಯ ಕೋಶದಿಂದ ಹುಟ್ಟಿತು, ಆ ಕೋಶದ ಯಾವ ವಂಶವಾಹಿ ಕೆಟ್ಟಿದೆ ಎಂಬುದರ ಮೇಲೆ ಕಾಯಿಲೆಯ ನಡವಳಿಕೆಯೂ ಔಷಧಿಯೂ ಬದಲಾಗುತ್ತವೆ. ಸ್ತನದಲ್ಲಿ ಹುಟ್ಟಿ ಶ್ವಾಸಕೋಶಕ್ಕೆ ಹೋದದ್ದು ಸ್ತನದ ಕ್ಯಾನ್ಸರೇ. ಅದಕ್ಕೆ ಕೊಡುವುದೂ ಸ್ತನ ಕ್ಯಾನ್ಸರಿನ ಔಷಧಿಯನ್ನೇ. ಇದನ್ನು ಬಿಡಿಸಿ ಹೇಳದೆ, ‘ಈಗ ಲಂಗ್ ಕ್ಯಾನ್ಸರೂ ಬಂತಂತೆ’ ಅಂತ ಮನೆಯವರು ಕುಸಿದುಹೋಗುವುದನ್ನು ಕಂಡಿದ್ದೇನೆ.

ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗದ 2022ರ ಅಂದಾಜಿನಂತೆ ಭಾರತದಲ್ಲಿ ವರ್ಷಕ್ಕೆ ಹೊಸದಾಗಿ ಕಾಯಿಲೆ ಪತ್ತೆಯಾಗುವವರು ಸುಮಾರು 14 ಲಕ್ಷ ಜನ. ಸ್ತನದ್ದು 1.92 ಲಕ್ಷ, ತುಟಿ ಮತ್ತು ಬಾಯಿಯದು 1.44 ಲಕ್ಷ, ಗರ್ಭಕೊರಳಿನದು 1.28 ಲಕ್ಷ. ಬೆಂಗಳೂರಿನ ಕ್ಯಾನ್ಸರ್ ರೋಗಿಗಳ ಲೆಕ್ಕವನ್ನು ಕಿದ್ವಾಯಿ ಸಂಸ್ಥೆಯವರು 1982ರಿಂದಲೇ ಬರೆದಿಡುತ್ತಾ ಬಂದಿದ್ದಾರೆ. ದೇಶದಲ್ಲಿ ಇಂಥ ದಾಖಲೆ ಮೊದಮೊದಲು ಶುರುವಾದ ಊರುಗಳಲ್ಲಿ ನಮ್ಮದೂ ಒಂದು. ಈ ಸಂಖ್ಯೆಗಳನ್ನು ಹೆದರಿಸಲು ಹೇಳುತ್ತಿಲ್ಲ. ಇಷ್ಟು ಜನ ಇದೇ ದಾರಿಯಲ್ಲಿ ನಡೆಯುತ್ತಿರುವಾಗ, ಮುಚ್ಚಿಡಬೇಕಾದ ಸಂಗತಿ ಇದು ಹೇಗಾಗುತ್ತದೆ?

ಈಗ ಗಾಬರಿಯ ವಿಷಯ. ಗಂಟು ಕಂಡ ಕೂಡಲೇ ಇವತ್ತು ರಾತ್ರಿಯೊಳಗೆ ಅದು ಮೈಯೆಲ್ಲ ಹರಡಿಬಿಡುತ್ತದೆ ಅನ್ನಿಸುತ್ತದೆ. ಗಣಿತದ ಮೇಷ್ಟ್ರು ನಾನು, ಲೆಕ್ಕ ಹಾಕಿ ತೋರಿಸುತ್ತೇನೆ. ಒಂದು ಸೆಂಟಿಮೀಟರ್ ಗಂಟಿನಲ್ಲಿ ಸುಮಾರು ನೂರು ಕೋಟಿ ಜೀವಕೋಶಗಳಿರುತ್ತವೆ ಅನ್ನುವುದು ವೈದ್ಯರು ಸಾಮಾನ್ಯವಾಗಿ ಕೊಡುವ ಅಂದಾಜು. ಒಂದು ಎರಡಾಗಿ, ಎರಡು ನಾಲ್ಕಾಗಿ, ಹೀಗೇ ಇಮ್ಮಡಿಯಾಗುತ್ತಾ ಹೋದರೆ ನೂರು ಕೋಟಿ ಮುಟ್ಟಲು 30 ಸಲ ಆಗಬೇಕು. ಸ್ತನದಂಥ ಕಡೆಯ ಗಂಟುಗಳು ಒಂದು ಸಲ ಇಮ್ಮಡಿಯಾಗಲು ವಾರಗಳಲ್ಲ, ಬಹುಪಾಲು ತಿಂಗಳುಗಳೇ ಬೇಕು. ಅಂದರೆ ಕೈಗೆ ಸಿಗುವ ಹೊತ್ತಿಗೆ ಆ ಗಂಟಿಗೆ ಆಗಲೇ ವರ್ಷಗಳ ವಯಸ್ಸಾಗಿರುತ್ತದೆ. ಸರಿಯಾದ ಪರೀಕ್ಷೆಗೆ ಹತ್ತು ಹದಿನೈದು ದಿನ ಕೊಟ್ಟರೆ ಕೆಡುವುದು ಬಹಳ ಕಡಿಮೆ. ಸರಿಯಾಗಿ ತಿಳಿಯದೆ ಕೈಹಾಕಿದರೆ ಕೆಡುವುದು ಬಹಳ.

ಇದಕ್ಕೆ ಅಪವಾದಗಳಿವೆ, ಅವನ್ನೂ ಈಗಲೇ ಹೇಳಿಬಿಡಬೇಕು. ತೀವ್ರ ಸ್ವರೂಪದ ರಕ್ತದ ಕ್ಯಾನ್ಸರಿನಲ್ಲಿ ಒಂದೊಂದು ದಿನವೂ ಲೆಕ್ಕಕ್ಕೆ ಬರುತ್ತದೆ. ಬೆನ್ನುಹುರಿಯ ಮೇಲೆ ಗಡ್ಡೆ ಒತ್ತಿ ಕಾಲು ಸೋಲುವುದು, ಉಸಿರು ಕಟ್ಟುವುದು, ನಿಲ್ಲದ ರಕ್ತಸ್ರಾವ, ಇವು ಯಾವುದಾದರೂ ಆದರೆ ಅವತ್ತೇ ಆಸ್ಪತ್ರೆಗೆ ಹೋಗಬೇಕು. ಉಳಿದವರಿಗೆ ಸಾವಧಾನವಾಗಿ ಯೋಚಿಸುವಷ್ಟು ಸಮಯ ಇದೆ. ಆದರೆ ಆ ಸಮಯ ಪರೀಕ್ಷೆಗಳಿಗೆ ಹೋಗಬೇಕು, ಮನೆಯವರ ವಾದಕ್ಕಲ್ಲ.

ಒಬ್ಬ ತಾಯಿಯ ಫೈಲು ನೋಡಿದ್ದು ನೆನಪಿದೆ. ಎದೆಯಲ್ಲಿ ಗಂಟು ಅಂತ ಮನೆ ಹತ್ತಿರದ ನರ್ಸಿಂಗ್ ಹೋಮಿಗೆ ಹೋದರು. ಮರುದಿನವೇ ಗಂಟು ತೆಗೆದರು. ತೆಗೆದದ್ದನ್ನು ಪೆಥಾಲಜಿಗೆ, ಅಂದರೆ ಅದನ್ನು ಪರೀಕ್ಷಿಸುವ ಲ್ಯಾಬಿಗೆ, ಕಳಿಸಲೇ ಇಲ್ಲ. ‘ಕೊಬ್ಬಿನ ಗಂಟು, ತೆಗೆದು ಹಾಕಿದೀವಿ’ ಅಂದರಂತೆ. ಎಂಟು ತಿಂಗಳಾದ ಮೇಲೆ ಅದೇ ಜಾಗದಲ್ಲಿ ಮತ್ತೆ ಎದ್ದಿತು, ಕಂಕುಳಲ್ಲೂ ಒಂದು ಸಿಕ್ಕಿತು. ಆಗ ಪರೀಕ್ಷೆ ಮಾಡಿದರೆ ಕ್ಯಾನ್ಸರ್. ಮೊದಲಿನ ಗಂಟು ಎಷ್ಟು ದೊಡ್ಡದಿತ್ತು, ಅಂಚಿನವರೆಗೆ ಪೂರ್ತಿ ಹೊರಗೆ ಬಂದಿತ್ತಾ, ಯಾವ ಬಗೆಯದು ಎಂದು ಹೇಳಲು ಒಂದು ಕಾಗದವೂ ಇಲ್ಲ. ದೇಹದಿಂದ ತೆಗೆದ ಯಾವುದೇ ಗಂಟು, ಎಷ್ಟೇ ಚಿಕ್ಕದಿರಲಿ, ಪೆಥಾಲಜಿಗೆ ಹೋಗಲೇಬೇಕು. ಆಪರೇಷನ್ನಿಗೆ ಮುಂಚೆಯೇ ಬಾಯಿಬಿಟ್ಟು ಕೇಳಿ: ‘ತೆಗೆದದ್ದನ್ನು ಲ್ಯಾಬಿಗೆ ಕಳಿಸ್ತೀರಲ್ಲ ಡಾಕ್ಟ್ರೇ? ವರದಿ ಯಾವತ್ತು ಸಿಗುತ್ತೆ?’

ಬಯಾಪ್ಸಿ ಅಂದ ಕೂಡಲೇ ನಮ್ಮಲ್ಲಿ ಏಳುವ ಮಾತು, ‘ಸೂಜಿ ಚುಚ್ಚಿದರೆ ಕೆರಳುತ್ತೆ, ಹರಡುತ್ತೆ.’ ಈ ನಂಬಿಕೆಯಿಂದ ಪ್ರಾಣ ಕಳೆದುಕೊಂಡವರಿದ್ದಾರೆ, ಅದಕ್ಕೇ ನಿಧಾನವಾಗಿ ಹೇಳುತ್ತೇನೆ. ಸ್ತನ, ಕುತ್ತಿಗೆ, ಯಕೃತ್ತು, ಶ್ವಾಸಕೋಶದಂಥ ಜಾಗಗಳಲ್ಲಿ ಸೂಜಿಯಿಂದ ಚೂರು ತೆಗೆಯುವುದು ದಶಕಗಳಿಂದ ನಡೆಯುತ್ತಿದೆ. ಅದರಿಂದ ಕಾಯಿಲೆ ಹರಡುವ ಸಾಧ್ಯತೆ ತೀರಾ ಅಪರೂಪ. ಎಲ್ಲಿ ಚುಚ್ಚಬಾರದು ಎಂಬುದು ವೈದ್ಯರಿಗೂ ಗೊತ್ತು. ವೃಷಣದ ಗಡ್ಡೆಯನ್ನು ಚುಚ್ಚಿ ನೋಡುವುದಿಲ್ಲ, ತೊಡೆಸಂದಿಯ ಕಡೆಯಿಂದ ಇಡಿಯಾಗಿ ತೆಗೆಯುತ್ತಾರೆ. ಅಂಡಾಶಯದೊಳಗೇ ಇರುವಂತೆ ಕಾಣುವ ಗಡ್ಡೆಯನ್ನೂ ಸಾಮಾನ್ಯವಾಗಿ ಚುಚ್ಚದೆ ಪೂರ್ತಿ ತೆಗೆದು ಪರೀಕ್ಷಿಸುತ್ತಾರೆ. ಹಾಗಾಗಿ ನಿಮ್ಮ ಡಾಕ್ಟರು ಬಯಾಪ್ಸಿ ಬೇಕು ಅಂದರೆ, ಅದು ಬೇಕಾದ ಜಾಗ ಅಂತಲೇ ಅನ್ನುತ್ತಿದ್ದಾರೆ.

ಸೂಜಿಯಲ್ಲೂ ಎರಡು ಬಗೆ. ಸಣ್ಣ ಸೂಜಿ ಹಾಕಿ ಒಂದಷ್ಟು ಕೋಶಗಳನ್ನು ಎಳೆದು ನೋಡುವುದು ಎಫ್‌ಎನ್‌ಎಸಿ. ಕ್ಯಾನ್ಸರ್ ಇದೆಯಾ ಇಲ್ಲವಾ ಅನ್ನುವುದನ್ನು ಅದು ಬಹಳ ಸಲ ಹೇಳುತ್ತದೆ, ಪೂರ್ತಿ ಕಥೆ ಹೇಳುವುದಿಲ್ಲ. ದಪ್ಪ ಸೂಜಿಯಲ್ಲಿ ದಾರದೆಳೆಯಂಥ ಚೂರು ತೆಗೆಯುವುದು ಕೋರ್ ಬಯಾಪ್ಸಿ, ಆಸ್ಪತ್ರೆಯಲ್ಲಿ ಟ್ರೂಕಟ್ ಅಂತಲೂ ಕರೆಯುತ್ತಾರೆ. ಆ ಚೂರನ್ನು ಮೇಣದ ಬ್ಲಾಕಿನಲ್ಲಿ ಇಟ್ಟು, ತೆಳುವಾಗಿ ಸೀಳಿ, ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಆಮೇಲೆ ಐಎಚ್‌ಸಿ ಅನ್ನುವ ಇನ್ನೊಂದು ಪರೀಕ್ಷೆ ಇದೆ. ಕೋಶದ ಮೇಲೆ, ಒಳಗೆ ಯಾವ ಪ್ರೋಟೀನುಗಳಿವೆ ಎಂಬುದನ್ನು ಅದು ತೋರಿಸುತ್ತದೆ. ಎಷ್ಟೋ ಕ್ಯಾನ್ಸರುಗಳಲ್ಲಿ ಔಷಧಿಯ ಆಯ್ಕೆ ನಿಂತಿರುವುದು ಬಹುಮಟ್ಟಿಗೆ ಇದರ ಮೇಲೆ. ಜನ ಮೊದಲ ವರದಿ ಬಂದ ದಿನವೇ ಎಲ್ಲಾ ಮುಗಿಯಿತು ಅಂದುಕೊಳ್ಳುತ್ತಾರೆ. ಅಂಥ ಕ್ಯಾನ್ಸರುಗಳಲ್ಲಿ ಐಎಚ್‌ಸಿ ಬರುವ ತನಕ ರೋಗನಿರ್ಣಯ ಪೂರ್ತಿ ಆದ ಹಾಗಲ್ಲ.

ನನ್ನದನ್ನೇ ಹೇಳುತ್ತೇನೆ. ಸ್ತನ ಕ್ಯಾನ್ಸರಿನಲ್ಲಿ ಮುಖ್ಯವಾಗಿ ಮೂರು ನೋಡುತ್ತಾರೆ: ಈಆರ್, ಪಿಆರ್, ಹರ್-2. ಮೊದಲೆರಡು ಹಾರ್ಮೋನಿಗೆ ಸಂಬಂಧಪಟ್ಟವು. ಮೂರನೆಯದಕ್ಕೆ ಸೊನ್ನೆಯಿಂದ ಮೂರರವರೆಗೆ ಅಂಕ ಕೊಡುತ್ತಾರೆ. ಮೂರು ಬಂದರೆ ಪಾಸಿಟಿವ್, ಸೊನ್ನೆ ಅಥವಾ ಒಂದು ಬಂದರೆ ನೆಗೆಟಿವ್ ಅಂತ ಲೆಕ್ಕ. ನನಗೆ ಬಂದದ್ದು ಎರಡು. ಎರಡು ಅಂದರೆ ಖಚಿತವಿಲ್ಲ, ಫಿಶ್ ಅನ್ನುವ ವಂಶವಾಹಿ ಪರೀಕ್ಷೆ ಆಗಬೇಕು. ಅದಕ್ಕೆ ಮತ್ತೊಂದು ವಾರ. ಮನೆಯಲ್ಲಿ ಆ ವಾರ ಹೇಗಿತ್ತು ಅಂತ ನಿಮಗೆ ಹೇಳಬೇಕಿಲ್ಲ. ಅಣ್ಣ ಹಾಸನದಿಂದ ದಿನಾ ಫೋನು: ‘ಇನ್ನೂ ಯಾಕಮ್ಮ ಶುರು ಮಾಡಿಲ್ಲ? ಆಸ್ಪತ್ರೆ ಬದಲಾಯಿಸೋಣ.’ ನಮ್ಮೆಜಮಾನರು ಊಟ ಬಿಟ್ಟಿದ್ದರು. ನಾನು ನನ್ನ ಡಾಕ್ಟರನ್ನು ನೇರವಾಗಿ ಕೇಳಿದೆ, ‘ಈ ವರದಿ ಹೀಗೆ ಬಂದರೆ ಏನು ಮಾಡ್ತೀರಿ, ಹಾಗೆ ಬಂದರೆ ಏನು ಮಾಡ್ತೀರಿ?’ ಅವರು ಬಿಳಿ ಹಾಳೆ ತೆಗೆದು ಎರಡು ದಾರಿಯನ್ನೂ ಬರೆದು ತೋರಿಸಿದರು. ಎರಡೂ ಬೇರೆ ಬೇರೆ ದಾರಿಗಳು. ಪಾಸಿಟಿವ್ ಬಂದರೆ ಮೊದಲು ಕೀಮೋ ಜೊತೆಗೆ ಹರ್-2 ಔಷಧಿ, ಗಡ್ಡೆ ಕರಗುತ್ತಾ ಬಂದ ಮೇಲೆ ಆಪರೇಷನ್. ಆ ಹಾಳೆ ಮನೆಗೆ ತಂದು ಎಲ್ಲರಿಗೂ ತೋರಿಸಿದೆ. ಕಾಯುವುದಕ್ಕೂ ಒಂದು ಅರ್ಥ ಇದೆ ಅಂತ ತಿಳಿದ ಮೇಲೆ ಮನೆ ತಣ್ಣಗಾಯಿತು.

ಫಿಶ್ ಪಾಸಿಟಿವ್ ಬಂತು. ಸುಮಾರು ಐದಾರು ಸ್ತನ ಕ್ಯಾನ್ಸರುಗಳಲ್ಲಿ ಒಂದು ಹೀಗಿರುತ್ತದೆ. ಒಂದು ಕಾಲಕ್ಕೆ ಹರ್-2 ಪಾಸಿಟಿವ್ ಅಂದರೆ ಕೆಟ್ಟ ಸುದ್ದಿ, ಕಾಯಿಲೆ ಬೇಗ ಬೆಳೆಯುತ್ತದೆ ಅಂತ. 1998ರಲ್ಲಿ ಅಮೆರಿಕದಲ್ಲಿ ಟ್ರಾಸ್ಟುಝುಮಾಬ್ ಎಂಬ ಔಷಧಿಗೆ ಅನುಮತಿ ಸಿಕ್ಕಿತು. ಅದೇ ಹರ್-2 ಪ್ರೋಟೀನನ್ನು ಹುಡುಕಿ ಹಿಡಿಯುವ ಔಷಧಿ ಅದು. ಅಲ್ಲಿಂದ ಈ ಕಾಯಿಲೆಯ ಭವಿಷ್ಯವೇ ಬದಲಾಯಿತು. ಆದರೆ ನಮ್ಮ ದೇಶದಲ್ಲಿ ಬಹುಕಾಲ ಅದರ ಬೆಲೆ ಮಧ್ಯಮ ವರ್ಗದವರಿಗೂ ಎಟುಕುತ್ತಿರಲಿಲ್ಲ. ಔಷಧಿ ಇದೆ ಅಂತ ಗೊತ್ತಿದ್ದೂ ತಗೊಳ್ಳಲಾಗದೆ ಹೋದ ಹೆಂಗಸರೆಷ್ಟೋ. 2014ರಲ್ಲಿ ನಮ್ಮ ಬೆಂಗಳೂರಿನ ಬಯೋಕಾನ್ ಅದರ ಸಮಾನ ರೂಪದ ಔಷಧಿಯನ್ನು ಭಾರತದ ಮಾರುಕಟ್ಟೆಗೆ ತಂದಿತು. ಆಮೇಲೆ ಬೇರೆ ಕಂಪನಿಗಳೂ ತಂದವು, ಬೆಲೆ ಇಳಿಯಿತು. ನನ್ನ ಕೈಗೆ ಹತ್ತಿಸಿದ ಬಾಟಲಿ ಇದೇ ಊರಿನಲ್ಲಿ ತಯಾರಾದದ್ದು ಅಂತ ತಿಳಿದಾಗ ನನಗೆ ಆದ ಸಮಾಧಾನವನ್ನು ಹೇಳಲು ಮಾತು ಸಾಲದು. ಈ ಔಷಧಿ ಹೃದಯದ ಮೇಲೆ ಪರಿಣಾಮ ಬೀರಬಹುದು, ಅದಕ್ಕೇ ಶುರುವಿಗೆ ಮುಂಚೆಯೂ ನಡುವೆಯೂ ಎಕೋ, ಅಂದರೆ ಹೃದಯದ ಸ್ಕ್ಯಾನ್, ಮಾಡಿಸುತ್ತಾರೆ. ‘ನನಗೆ ಹೃದಯದ ಕಾಯಿಲೆ ಇಲ್ಲ, ಎಕೋ ಯಾಕೆ’ ಅಂತ ತಪ್ಪಿಸಬೇಡಿ.

ಇನ್ನು ಸ್ಟೇಜ್ ಮತ್ತು ಗ್ರೇಡ್. ಫೈಲು ತರುವವರಲ್ಲಿ ಅರ್ಧಕ್ಕರ್ಧ ಜನ ಇವೆರಡನ್ನು ಒಂದೇ ಅಂದುಕೊಂಡಿರುತ್ತಾರೆ. ಬಯಾಪ್ಸಿಯಲ್ಲಿ ‘ಗ್ರೇಡ್ 3’ ಅಂತ ನೋಡಿ ಮೂರನೇ ಸ್ಟೇಜು ಅಂತ ಅಳುತ್ತಾ ಬರುತ್ತಾರೆ. ಗ್ರೇಡ್ ಎಂಬುದು ಕೋಶದ ಸ್ವಭಾವ: ಸಹಜ ಕೋಶಕ್ಕಿಂತ ಎಷ್ಟು ಬೇರೆಯಾಗಿದೆ, ಎಷ್ಟು ಚುರುಕಾಗಿ ಹೆಚ್ಚುತ್ತಿದೆ ಎಂಬ ಅಳತೆ. ಸ್ಟೇಜ್ ಎಂದರೆ ಕಾಯಿಲೆ ದೇಹದಲ್ಲಿ ಎಲ್ಲಿಯವರೆಗೆ ಹೋಗಿದೆ ಎಂಬುದು. ಗ್ರೇಡ್ 3 ಇದ್ದು ಸ್ಟೇಜ್ 1 ಇರಬಹುದು, ಎಷ್ಟೋ ಜನರಿಗೆ ಹಾಗೇ ಇರುತ್ತದೆ. ವರದಿಯಲ್ಲಿ ಟಿ, ಎನ್, ಎಂ ಅಂತ ಮೂರು ಅಕ್ಷರ ಇರುತ್ತವೆ. ಟಿ ಗಡ್ಡೆಯ ಗಾತ್ರ ಅಥವಾ ಆಳ, ಎನ್ ಹತ್ತಿರದ ದುಗ್ಧಗ್ರಂಥಿಗಳಿಗೆ (ಲಿಂಫ್ ನೋಡ್) ತಲುಪಿದೆಯಾ, ಎಂ ದೂರದ ಅಂಗಕ್ಕೆ ಹೋಗಿದೆಯಾ. ಅಕ್ಷರದ ಮುಂದಿನ ಸಂಖ್ಯೆ ಹೆಚ್ಚಿದಷ್ಟೂ ಕಾಯಿಲೆ ಹೆಚ್ಚು. ಇಷ್ಟು ಗೊತ್ತಿದ್ದರೆ ನಿಮ್ಮ ವರದಿಯ ಮುಖ್ಯ ಸಾಲನ್ನು ನೀವೇ ಓದಬಹುದು.

ಪೆಟ್ ಸ್ಕ್ಯಾನ್ ಬಗ್ಗೆಯೂ ಒಂದು ಮಾತು, ಯಾಕೆಂದರೆ ಅದರ ಚಿತ್ರ ನೋಡಿ ಹೆದರದವರಿಲ್ಲ. ವಿಕಿರಣ ಬೆರೆಸಿದ ಸಕ್ಕರೆಯಂಥ ವಸ್ತುವನ್ನು ನರಕ್ಕೆ ಕೊಡುತ್ತಾರೆ. ಎಲ್ಲಿ ಕೋಶಗಳು ಹೆಚ್ಚು ಸಕ್ಕರೆ ಎಳೆದುಕೊಳ್ಳುತ್ತವೋ ಅಲ್ಲಿ ಹೊಳೆಯುತ್ತದೆ. ಕ್ಯಾನ್ಸರ್ ಹೊಳೆಯುತ್ತದೆ, ಸರಿ. ಆದರೆ ಮಿದುಳೂ ಹೊಳೆಯುತ್ತದೆ, ಮೂತ್ರಕೋಶವೂ ಹೊಳೆಯುತ್ತದೆ, ಎಲ್ಲಾದರೂ ಸೋಂಕಿದ್ದರೆ ಅದೂ ಹೊಳೆಯುತ್ತದೆ. ನಮ್ಮ ದೇಶದಲ್ಲಿ ಟಿಬಿ ಬಹಳ. ಎದೆಯೊಳಗಿನ ಟಿಬಿ ಗ್ರಂಥಿಗಳು ಹೊಳೆದು, ‘ಹರಡಿಬಿಟ್ಟಿದೆ’ ಅಂತ ಮನೆಯವರೇ ತೀರ್ಮಾನ ಮಾಡಿಕೊಂಡದ್ದುಂಟು. ಸಂಶಯವಿದ್ದರೆ ಆ ಹೊಳೆದ ಜಾಗದಿಂದ ಒಂದು ಚೂರು ತೆಗೆದು ನೋಡಬಹುದೇ ಅಂತ ಕೇಳಿ. ಸಕ್ಕರೆ ಕಾಯಿಲೆ ಇದ್ದವರು ಸ್ಕ್ಯಾನಿಗೆ ಮುಂಚೆಯೇ ಅದನ್ನು ತಿಳಿಸಬೇಕು, ರಕ್ತದಲ್ಲಿ ಸಕ್ಕರೆ ಏರಿದ್ದರೆ ಚಿತ್ರ ಸರಿಯಾಗಿ ಬರುವುದಿಲ್ಲ.

ಟ್ಯೂಮರ್ ಮಾರ್ಕರ್, ಅಂದರೆ ರಕ್ತದಲ್ಲಿ ಕ್ಯಾನ್ಸರಿನ ಸುಳಿವು ಹುಡುಕುವ ಪರೀಕ್ಷೆ, ಅದರ ಪ್ಯಾಕೇಜುಗಳ ಜಾಹೀರಾತು ಈಗ ಎಲ್ಲ ಕಡೆ. ಅಂಡಾಶಯದ ಕ್ಯಾನ್ಸರಿಗೆ ನೋಡುವ ಸಿಎ-125 ಮುಟ್ಟಿನ ದಿನಗಳಲ್ಲೂ ಏರುತ್ತದೆ, ಹೊಟ್ಟೆಯ ಟಿಬಿಯಲ್ಲೂ ಏರುತ್ತದೆ. ಪ್ರಾಸ್ಟೇಟ್ ಕ್ಯಾನ್ಸರಿಗೆ ನೋಡುವ ಪಿಎಸ್‌ಎ ಮೂತ್ರದ ಸೋಂಕಿನಲ್ಲೂ ಏರುತ್ತದೆ. ಆ ಒಂದು ಸಂಖ್ಯೆಯನ್ನೇ ನಂಬಿ ಕ್ಯಾನ್ಸರ್ ಇದೆ ಅಥವಾ ಇಲ್ಲ ಎನ್ನಲು ಆಗುವುದಿಲ್ಲ.

ಇಷ್ಟೆಲ್ಲ ಆದ ಮೇಲೆ ಡಾಕ್ಟರ ಎದುರು ಕೂತಾಗ ಕೇಳಲೇಬೇಕಾದ ಒಂದು ಪ್ರಶ್ನೆ ಇದೆ. ಅದನ್ನು ಕೇಳಲು ಎಲ್ಲರೂ ಹಿಂಜರಿಯುತ್ತಾರೆ. ‘ಈ ಚಿಕಿತ್ಸೆ ಪೂರ್ತಿ ವಾಸಿ ಮಾಡುವುದಕ್ಕಾ, ಕಾಯಿಲೆಯನ್ನು ಹಿಡಿತದಲ್ಲಿಡುವುದಕ್ಕಾ, ನೋವು ಕಡಿಮೆ ಮಾಡುವುದಕ್ಕಾ?’ ಮೂರೂ ಮರ್ಯಾದೆಯ ಗುರಿಗಳೇ. ಆದರೆ ಯಾವುದು ಅಂತ ಗೊತ್ತಿಲ್ಲದಿದ್ದರೆ ಎಷ್ಟು ಖರ್ಚು ಮಾಡಬೇಕು, ಎಷ್ಟು ಸಂಕಟ ತಡೆದುಕೊಳ್ಳಬೇಕು, ಸೈಟು ಮಾರಬೇಕಾ ಬೇಡವಾ, ಮಗಳ ಮದುವೆ ಮುಂದೂಡಬೇಕಾ ಎಂಬ ಯಾವ ತೀರ್ಮಾನವೂ ಸರಿಯಾಗಿ ಆಗುವುದಿಲ್ಲ.

‘ಎಷ್ಟು ದಿನ?’ ಅನ್ನುವ ಪ್ರಶ್ನೆಗೆ ಉತ್ತರವಾಗಿ ಬರುವ ಸಂಖ್ಯೆಯ ಬಗ್ಗೆ ಗಣಿತದವಳಾಗಿ ಒಂದು ವಿವರಣೆ ಕೊಡಬೇಕು. ‘ಮೀಡಿಯನ್ ಎಂಟು ತಿಂಗಳು’ ಅಂದರೆ ಎಲ್ಲರೂ ಎಂಟು ತಿಂಗಳಿಗೆ ಹೋಗುತ್ತಾರೆ ಅಂತಲ್ಲ. ಅರ್ಧ ಜನ ಅದರೊಳಗೆ, ಇನ್ನರ್ಧ ಜನ ಅದನ್ನು ದಾಟಿ. ದಾಟಿದವರಲ್ಲಿ ಕೆಲವರು ಬಹಳ ದೂರ ಹೋಗಿರುತ್ತಾರೆ. ಅಮೆರಿಕದ ಜೀವವಿಜ್ಞಾನಿ ಸ್ಟೀಫನ್ ಜೇ ಗೌಲ್ಡ್ ಅವರಿಗೆ 1982ರಲ್ಲಿ ಹೊಟ್ಟೆಯ ಮೀಸೋಥೀಲಿಯೋಮ ಎಂಬ ಅಪರೂಪದ ಕ್ಯಾನ್ಸರ್ ಬಂತು. ಗ್ರಂಥಾಲಯದಲ್ಲಿ ಹುಡುಕಿದಾಗ ಅವರಿಗೆ ಸಿಕ್ಕ ಸಂಖ್ಯೆ ಇದೇ, ಎಂಟು ತಿಂಗಳು. ಅವರು ತೀರಿಕೊಂಡದ್ದು 2002ರಲ್ಲಿ, ಅದೂ ಬೇರೆಯೇ ಒಂದು ಕ್ಯಾನ್ಸರಿನಿಂದ. ಎಲ್ಲರಿಗೂ ಹೀಗೆ ಆಗುತ್ತದೆ ಎಂದು ನಾನು ಹೇಳುತ್ತಿಲ್ಲ. ಗುಂಪಿನ ಸಂಖ್ಯೆ ಒಬ್ಬ ವ್ಯಕ್ತಿಯ ಜಾತಕ ಆಗಲಾರದು.

ಈಗ ನನಗೆ ಅತಿ ಹೆಚ್ಚು ಸಂಕಟ ಕೊಡುವ ವಿಷಯಕ್ಕೆ ಬರುತ್ತೇನೆ. ರೋಗಿಗೇ ಹೇಳದಿರುವುದು. ‘ಅಪ್ಪಂಗೆ ಹೇಳಿಲ್ಲ ಮೇಡಂ, ಅಲ್ಸರ್ ಅಂದಿದೀವಿ. ಗೊತ್ತಾದರೆ ತಡಕೊಳಲ್ಲ’ ಅಂತ ಮಂಡ್ಯ ಕಡೆಯ ಒಬ್ಬ ಹುಡುಗ ಹೇಳಿದ. ಪ್ರೀತಿಯಿಂದಲೇ ಮಾಡಿದ್ದು, ಅದರಲ್ಲಿ ಎರಡು ಮಾತಿಲ್ಲ. ಅಪ್ಪನಿಗೆ ಕೀಮೋ ಕೊಡಿಸುತ್ತಿದ್ದರು, ‘ಶಕ್ತಿಗೆ ಡ್ರಿಪ್ಸ್’ ಅಂತ ಹೇಳಿ. ಎರಡನೇ ಸೈಕಲ್, ಅಂದರೆ ಕೀಮೋದ ಎರಡನೇ ಸರದಿ, ಆಗಿ ಹತ್ತನೆಯ ದಿನ ಅವರಿಗೆ ಜ್ವರ ಬಂತು. ಊರಿನಲ್ಲಿ ಒಬ್ಬರೇ ಇದ್ದರು. ಮಳೆಯಲ್ಲಿ ನೆನೆದದ್ದಕ್ಕೆ ಅಂದುಕೊಂಡು ಜ್ವರದ ಮಾತ್ರೆ ನುಂಗಿ ಕಂಬಳಿ ಹೊದ್ದು ಮಲಗಿದರು. ಮರುದಿನ ಮಧ್ಯಾಹ್ನ ಪಕ್ಕದ ಮನೆಯವರು ನೋಡಿದಾಗ ಪ್ರಜ್ಞೆ ಅರೆಬರೆ. ಐಸಿಯುನಲ್ಲಿಟ್ಟು ಉಳಿಸಿಕೊಂಡರು.

ಆ ಹಿರಿಯರಿಗೆ ಗೊತ್ತಿಲ್ಲದೇ ಇದ್ದದ್ದನ್ನು ಇಲ್ಲಿರುವ ನೀವೆಲ್ಲ ತಿಳಿದುಕೊಂಡು ಹೋಗಿ. ಕೀಮೋ ಆದ ಒಂದು ವಾರದಿಂದ ಎರಡು ವಾರದ ನಡುವೆ ಬಿಳಿ ರಕ್ತಕಣಗಳು ತಳ ಮುಟ್ಟುತ್ತವೆ. ‘ಕೌಂಟ್ ಬಿದ್ದಿದೆ’ ಅನ್ನುತ್ತಾರಲ್ಲ, ಅದೇ. ಆ ಹೊತ್ತಿಗೆ 100.4 ಡಿಗ್ರಿ ಅಥವಾ ಅದಕ್ಕಿಂತ ಹೆಚ್ಚು ಜ್ವರ ಬಂದರೆ ಅದು ತುರ್ತು ಪರಿಸ್ಥಿತಿ. ರಾತ್ರಿ ಎರಡು ಗಂಟೆಯಾಗಿದ್ದರೂ ಸರಿ, ಆಸ್ಪತ್ರೆಗೆ ಹೊರಡಬೇಕು. ‘ಕೀಮೋ ನಡೆಯುತ್ತಿದೆ’ ಅಂತ ಬಾಗಿಲಲ್ಲೇ ಹೇಳಬೇಕು. ಮಾತ್ರೆ ನುಂಗಿ ಜ್ವರ ಮುಚ್ಚಿಹಾಕಿ ಬೆಳಗಾಗಲಿ ಅಂತ ಕಾಯಬಾರದು. ಮನೆಯಲ್ಲೊಂದು ಥರ್ಮಾಮೀಟರ್ ಇರಲೇಬೇಕು. ತನಗೆ ಕೀಮೋ ನಡೆಯುತ್ತಿದೆ ಅಂತಲೇ ಗೊತ್ತಿಲ್ಲದ ಮನುಷ್ಯ ಇದನ್ನೆಲ್ಲ ಹೇಗೆ ಮಾಡಿಯಾನು? ಹೇಗೆ ಹೇಳಬೇಕು, ಎಷ್ಟು ಹೇಳಬೇಕು ಎಂಬುದನ್ನು ಮನೆಯವರು ಡಾಕ್ಟರ ಜೊತೆ ಕೂತು ಯೋಚಿಸಲಿ. ‘ನಿಮಗೆ ಎಷ್ಟು ತಿಳಿದುಕೊಳ್ಳಬೇಕು ಅನ್ನಿಸುತ್ತೆ ಅಪ್ಪಾ?’ ಅಂತ ಅವರನ್ನೇ ಕೇಳಬಹುದು. ಕೆಲವರು ‘ನೀನೇ ನೋಡ್ಕೊ ಮಗಾ’ ಅನ್ನುತ್ತಾರೆ, ಅದೂ ಅವರ ಆಯ್ಕೆಯೇ. ಕೇಳದೇ ಅವರ ಪರವಾಗಿ ತೀರ್ಮಾನಿಸುವುದನ್ನು ಮಾತ್ರ ನಾನು ಒಪ್ಪಲಾರೆ.

ಕೀಮೋ ಔಷಧಿಗಳ ಬಗ್ಗೆ ‘ಅದು ಬರೀ ವಿಷ’ ಅನ್ನುವವರಿದ್ದಾರೆ. ಬಲವಾದ ಔಷಧಿಗಳೇ, ಒಪ್ಪುತ್ತೇನೆ. ಬೇಗ ಬೇಗ ಹೆಚ್ಚುವ ಕೋಶಗಳನ್ನು ಅವು ಹೊಡೆಯುತ್ತವೆ. ಕೂದಲ ಬೇರು, ಬಾಯಿಯ ಒಳಪೊರೆ, ಮೂಳೆಮಜ್ಜೆಯಲ್ಲೂ ಅಂಥ ಕೋಶಗಳಿವೆ. ಕೂದಲು ಉದುರುವುದು, ಬಾಯಿ ಹುಣ್ಣು, ಕೌಂಟ್ ಬೀಳುವುದು ಎಲ್ಲಾ ಇದರಿಂದಲೇ. ಕೆಂಪು ಬಣ್ಣದ ಒಂದು ಔಷಧಿ ಇದೆ, ಕೊಟ್ಟ ದಿನ ಮೂತ್ರ ಕೆಂಪಗೆ ಹೋಗುತ್ತದೆ. ಮುಂಚೆ ಹೇಳಿರದಿದ್ದರೆ ಎದೆ ಒಡೆದುಹೋಗುತ್ತದೆ. ಇವೇ ಔಷಧಿಗಳ ಹಿಂದೆ ನಮ್ಮವರ ಕೆಲಸವೂ ಇದೆ. ಆಂಧ್ರದ ಭೀಮಾವರಂನಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್ ಅಮೆರಿಕದ ಪ್ರಯೋಗಾಲಯದಲ್ಲಿ ತಮ್ಮ ತಂಡದೊಂದಿಗೆ ತಯಾರಿಸಿದ ಫೋಲಿಕ್ ಆಮ್ಲ ವಿರೋಧಿ ಔಷಧಿಯಿಂದಲೇ 1947ರ ಕೊನೆಯಲ್ಲಿ ಅಲ್ಲಿನ ವೈದ್ಯ ಸಿಡ್ನಿ ಫಾರ್ಬರ್ ರಕ್ತದ ಕ್ಯಾನ್ಸರಿನ ಮಕ್ಕಳಲ್ಲಿ ಮೊದಲ ಬಾರಿಗೆ ತಾತ್ಕಾಲಿಕ ಗುಣ ಕಂಡದ್ದು. ಅದರ ಒಡಹುಟ್ಟು ಮೆಥೋಟ್ರೆಕ್ಸೇಟ್ ಇವತ್ತಿಗೂ ಬಳಕೆಯಲ್ಲಿದೆ.

ನಮ್ಮ ಬೀದಿ ಬದಿಯಲ್ಲಿ ಅರಳುವ ನಿತ್ಯಪುಷ್ಪ, ಕಾಶಿ ಕಣಗಿಲೆ ಅನ್ನುತ್ತೇವಲ್ಲ, ಅದರಿಂದ ವಿನ್‌ಕ್ರಿಸ್ಟಿನ್ ಎಂಬ ಕೀಮೋ ಔಷಧಿ ಬರುತ್ತದೆ. ಇದನ್ನು ಕೇಳಿ ಯಾರೂ ಎಲೆ ಕಿತ್ತು ಕಷಾಯ ಮಾಡಬೇಡಿ. ಎಲೆಯಲ್ಲಿ ಆ ಅಂಶ ಅತ್ಯಲ್ಪ, ಜೊತೆಗೆ ಬೇರೆ ವಿಷಕಾರಿ ಅಂಶಗಳೂ ಇವೆ. ಬೇರ್ಪಡಿಸಿ, ಶುದ್ಧಮಾಡಿ, ಮಿಲಿಗ್ರಾಂ ಲೆಕ್ಕದಲ್ಲಿ ನರಕ್ಕೆ ಕೊಟ್ಟರೆ ಮಾತ್ರ ಅದು ಔಷಧಿ. ನಾಟಿ ಔಷಧಿ ತಗೊಳ್ಳುತ್ತಿರುವವರು ನನ್ನ ಹತ್ತಿರ ಬಂದರೆ ನಾನು ಬೈಯುವುದಿಲ್ಲ. ಏನು ತಗೊಳ್ಳುತ್ತಿದ್ದೀರೋ ಅದರ ಪೊಟ್ಟಣವನ್ನೇ ಡಾಕ್ಟರಿಗೆ ತೋರಿಸಿ ಅನ್ನುತ್ತೇನೆ. ಕೀಮೋ ಔಷಧಿ ಕರಗಿಸುವ ಯಕೃತ್ತಿನ ಮೇಲೆ ಇನ್ನೊಂದು ಹೊರೆ ಬೀಳುತ್ತಿದೆಯಾ ಎಂಬುದನ್ನು ಅವರು ನೋಡಬೇಕಾಗುತ್ತದೆ.

ರೇಡಿಯೇಶನ್ನಿಗೆ ನಮ್ಮ ಜನ ‘ಕರೆಂಟ್ ಕೊಡೋದು’ ಅನ್ನುತ್ತಾರೆ. ಮೈಗೆ ವಿದ್ಯುತ್ ಹರಿಸುತ್ತಾರೆ ಅಂತ ಒಬ್ಬ ಅಜ್ಜಿ ಹೆದರಿ ಓಡಿಹೋಗಿದ್ದರು. ಎಕ್ಸ್‌ರೇ ತೆಗೆಯುವಾಗ ಏನಾದರೂ ಗೊತ್ತಾಗುತ್ತದೆಯೇ? ಹಾಗೇ, ಯಂತ್ರದ ಕೆಳಗೆ ಅಲ್ಲಾಡದೆ ಮಲಗಿರಬೇಕು, ಕೆಲವೇ ನಿಮಿಷ, ಆ ಹೊತ್ತಿನಲ್ಲಿ ನೋವಿಲ್ಲ. ಸಾಮಾನ್ಯವಾಗಿ ಸೋಮವಾರದಿಂದ ಶುಕ್ರವಾರ, ಕೆಲವು ವಾರ. ಹೊರಗಿನ ಯಂತ್ರದಿಂದ ಕೊಟ್ಟ ರೇಡಿಯೇಶನ್ ನಿಮ್ಮ ಮೈಯಲ್ಲಿ ಉಳಿಯುವುದಿಲ್ಲ, ಮೊಮ್ಮಕ್ಕಳನ್ನು ಎತ್ತಿಕೊಳ್ಳಬಹುದು. ಥೈರಾಯ್ಡ್ ಕ್ಯಾನ್ಸರಿಗೆ ಕೊಡುವ ವಿಕಿರಣ ಅಯೋಡಿನ್ ಮಾತ್ರ ಬೇರೆ, ಅದಾದ ಮೇಲೆ ಕೆಲವು ದಿನ ಮಕ್ಕಳಿಂದ, ಗರ್ಭಿಣಿಯರಿಂದ ದೂರ ಇರಬೇಕು.

ದುಡ್ಡಿನ ವಿಷಯ ಚುಟುಕಾಗಿ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ನೆರವಿದೆ. ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇ. 30ರಷ್ಟು, 1.5 ಲಕ್ಷದ ಮಿತಿಯಲ್ಲಿ. ಚಿಕಿತ್ಸೆ ಶುರುವಾಗುವ ಮೊದಲೇ ಆಸ್ಪತ್ರೆಯಲ್ಲಿ ಈ ಯೋಜನೆಯ ಕೆಲಸ ನೋಡುವ ಆರೋಗ್ಯ ಮಿತ್ರರನ್ನು ಕಂಡು ಮಾತಾಡಿ, ಅರ್ಧದಲ್ಲಿ ಕೇಳಿದರೆ ತೊಡಕು. ಸರ್ಕಾರದ ಕಿದ್ವಾಯಿ ಸಂಸ್ಥೆ 1973ರಿಂದ ಇದೆ, ನಿಮ್ಹಾನ್ಸ್ ಹತ್ತಿರ. ರಾಯಚೂರು, ಕೊಪ್ಪಳದಿಂದ ರಾತ್ರಿ ಬಸ್ಸಿಗೆ ಬಂದು ಮೆಜೆಸ್ಟಿಕ್‌ನಲ್ಲಿ ಇಳಿದು ನೇರ ಅಲ್ಲಿಗೆ ಹೋಗುವ ಸಾವಿರಾರು ಜನರ ನಂಬಿಕೆ ಅದು. ಕಲಬುರಗಿಯಲ್ಲೂ ಅದರ ಕೇಂದ್ರವಿದೆ, ಆ ಭಾಗದವರು ಮೊದಲು ಅಲ್ಲಿ ವಿಚಾರಿಸಬಹುದು.

ಎರಡನೆಯ ಅಭಿಪ್ರಾಯ ಕೇಳುವುದಕ್ಕೆ ಸಂಕೋಚ ಬೇಡ, ಒಳ್ಳೆಯ ಡಾಕ್ಟರು ಯಾರೂ ಅದಕ್ಕೆ ಬೇಸರಪಡುವುದಿಲ್ಲ. ವರದಿಯ ಪ್ರತಿಯ ಜೊತೆಗೆ ಬಯಾಪ್ಸಿಯ ಸ್ಲೈಡು ಮತ್ತು ಮೇಣದ ಬ್ಲಾಕನ್ನೂ ಕೇಳಿ ಪಡೆಯಬಹುದು. ಇನ್ನೊಬ್ಬ ಪೆಥಾಲಜಿ ತಜ್ಞರಿಗೆ ನೋಡಲು ಬೇಕಾಗುವುದು ಅವೇ. ರೋಗಿ ಕೇಳಿದ 72 ಗಂಟೆಯೊಳಗೆ ವೈದ್ಯಕೀಯ ದಾಖಲೆ ಕೊಡಬೇಕೆಂದು ಭಾರತೀಯ ವೈದ್ಯಕೀಯ ಮಂಡಳಿಯ 2002ರ ನಿಯಮದಲ್ಲೇ ಇದೆ. ಫೈಲಿನಲ್ಲಿ ಕಾಗದಗಳು ತಾರೀಖಿನ ಪ್ರಕಾರ ಇರಲಿ, ಬಯಾಪ್ಸಿ ವರದಿ ಎಲ್ಲಕ್ಕಿಂತ ಮೇಲೆ.

ವಾಸಿಯಾಗುವ ಹಂತ ದಾಟಿದವರ ಬಗ್ಗೆ ಮಾತಾಡದೆ ಮುಗಿಸಿದರೆ ಅನ್ಯಾಯವಾಗುತ್ತದೆ. ‘ಇನ್ನೇನೂ ಮಾಡಕ್ಕಾಗಲ್ಲ, ಮನೆಗೆ ಕರ್ಕೊಂಡು ಹೋಗಿ’ ಎಂಬ ಮಾತು ಕೇಳಿ ಬಂದವರ ನೋವನ್ನು ಕಣ್ಣಾರೆ ನೋಡಿದ್ದೇನೆ. ಮಾಡಲು ಬಹಳ ಇದೆ. ನೋವಿಗೆ ಮಾರ್ಫಿನ್ ಮಾತ್ರೆ ಇದೆ. ತಜ್ಞರ ಅಳತೆಯಲ್ಲಿ ನೋವಿಗೆಂದೇ ಕೊಟ್ಟಾಗ ಅದು ಚಟ ಹತ್ತುತ್ತದೆ, ಸಾವು ಬೇಗ ತರುತ್ತದೆ ಎಂಬ ಭಯಕ್ಕೆ ಕಾರಣವಿಲ್ಲ. ಮಲಬದ್ಧತೆ ಮಾತ್ರ ಬಂದೇ ಬರುತ್ತದೆ, ಅದಕ್ಕೆ ಮೊದಲ ದಿನದಿಂದಲೇ ಔಷಧಿ ಕೇಳಿ. 2014ರಲ್ಲಿ ಮಾದಕ ವಸ್ತು ಕಾಯ್ದೆಗೆ ತಿದ್ದುಪಡಿಯಾದ ಮೇಲೆ ಮಾರ್ಫಿನ್ ಇಟ್ಟುಕೊಳ್ಳಲು ಆಸ್ಪತ್ರೆಗಳಿಗಿದ್ದ ತೊಡಕು ಕಡಿಮೆಯಾಗಿದೆ. ನಮ್ಮ ಊರಿನಲ್ಲೇ, ಮಾರತ್ತಹಳ್ಳಿ ಕಡೆ, ಕರುಣಾಶ್ರಯ ಇದೆ. ಕ್ಯಾನ್ಸರಿನ ಕೊನೆಯ ಹಂತದವರನ್ನು ಅಲ್ಲಿ ಹಣ ಕೇಳದೆ ನೋಡಿಕೊಳ್ಳುತ್ತಾರೆ. ಹೀಗೆ ನೋವು, ಸಂಕಟ ತಗ್ಗಿಸುವ ಉಪಶಾಮಕ ಆರೈಕೆಯನ್ನು ಕೊನೆಯ ವಾರಕ್ಕೆ ಮೀಸಲಿಡಬೇಕಿಲ್ಲ, ಚಿಕಿತ್ಸೆ ನಡೆಯುತ್ತಿರುವಾಗಲೇ ಜೊತೆಯಲ್ಲಿ ಪಡೆಯಬಹುದು.

ಮಾತು ಮುಗಿದ ಮೇಲೆ ಇಬ್ಬರು ಪ್ರಶ್ನೆ ಕೇಳಿದರು.

ಶಿರಸಿ ಕಡೆಯ ಹಿರಿಯರೊಬ್ಬರು: ‘ನಾವು ಅಡಿಕೆ ಬೆಳೆಗಾರರು ಮೇಡಂ. ತಂಬಾಕು ಹಾಕದೆ ಬರೀ ಎಲೆ ಅಡಿಕೆ ಹಾಕಿದರೆ ಏನೂ ಆಗಲ್ಲ ಅಲ್ವಾ?’ ಅವರ ಮುಖ ನೋಡಿ ಉತ್ತರ ಹೇಳುವುದು ಕಷ್ಟವಾಯಿತು, ಆದರೂ ಹೇಳಿದೆ. ತಂಬಾಕಿಲ್ಲದ ಎಲೆ ಅಡಿಕೆಯೂ, ಅಡಿಕೆ ತಾನೇ ತಾನಾಗಿಯೂ ಕ್ಯಾನ್ಸರ್ ತರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಅದೇ ಸಂಶೋಧನಾ ಅಂಗ 2004ರಲ್ಲೇ ವರ್ಗೀಕರಿಸಿದೆ. ಮದುವೆ ಮನೆಯಲ್ಲಿ ಒಮ್ಮೆ ಹಾಕುವ ತಾಂಬೂಲವೂ ದಿನವಿಡೀ ದವಡೆಯಲ್ಲಿ ಇಟ್ಟುಕೊಳ್ಳುವುದೂ ಒಂದೇ ಪ್ರಮಾಣದ ಅಪಾಯವಲ್ಲ, ನಿಜ. ಬಾಯಿ ಮೊದಲಿನಷ್ಟು ತೆರೆಯುತ್ತಿಲ್ಲ, ಖಾರ ತಡೆಯಲಾಗುತ್ತಿಲ್ಲ, ಬಿಳಿ ಅಥವಾ ಕೆಂಪು ಮಚ್ಚೆ ಇದೆ, ಹುಣ್ಣು ಮೂರು ವಾರವಾದರೂ ಮಾಯುತ್ತಿಲ್ಲ ಅಂದರೆ ದಂತ ವೈದ್ಯರಿಗಾದರೂ ತಕ್ಷಣ ತೋರಿಸಿ.

ಇನ್ನೊಬ್ಬರು ಚಿಕಿತ್ಸೆ ಮುಗಿಸಿದ ಹೆಣ್ಣುಮಗಳು: ‘ಅಕ್ಕಾ, ಐದು ವರ್ಷ ಆದರೆ ವಾಸಿ ಆಯ್ತು ಅಂತ ತಿಳ್ಕೋಬಹುದಾ?’ ಅದಕ್ಕೂ ಉತ್ತರ ನಿಮ್ಮ ವರದಿಯಲ್ಲೇ ಇದೆ ಅಂದೆ. ಈಆರ್, ಪಿಆರ್, ಹರ್-2 ಮೂರೂ ನೆಗೆಟಿವ್ ಇರುವ ಬಗೆಯಲ್ಲಿ ಮರುಕಳಿಸುವುದಿದ್ದರೆ ಬಹುಪಾಲು ಮೊದಲ ಕೆಲವು ವರ್ಷಗಳಲ್ಲೇ, ಐದು ದಾಟಿದರೆ ಅಪಾಯ ಬಹಳ ತಗ್ಗುತ್ತದೆ. ಹಾರ್ಮೋನ್ ಪಾಸಿಟಿವ್ ಆದರೆ ಹತ್ತು, ಹದಿನೈದು ವರ್ಷದ ಮೇಲೂ ಮರುಕಳಿಸಬಹುದು. ಅದಕ್ಕೇ ಹಾರ್ಮೋನ್ ತಡೆಯುವ ಮಾತ್ರೆಯನ್ನು ಐದರಿಂದ ಹತ್ತು ವರ್ಷ ಕೊಡುವುದು, ಬೇಸರ ಬಂತೆಂದು ನಡುವೆ ಬಿಡಬಾರದು. ಆಕೆಯದು ಯಾವ ಬಗೆ ಅಂತ ಕೇಳಿದೆ. ಗೊತ್ತಿಲ್ಲ, ಫೈಲು ಮಗನ ಹತ್ತಿರ ಇದೆ ಅಂದರು. ವರ್ಷಕ್ಕೊಮ್ಮೆ ಮ್ಯಾಮೊಗ್ರಾಂ, ಡಾಕ್ಟರು ಹೇಳಿದ ದಿನಕ್ಕೆ ತಪಾಸಣೆ, ಹೊಸದಾಗಿ ಮೂಳೆ ನೋವೋ ಉಸಿರಾಟದ ತೊಂದರೆಯೋ ಬಿಡದೆ ಕಾಡಿದರೆ ಕಾಯದೆ ಹೋಗುವುದು, ಇಷ್ಟು ಮಾಡಿ ಅಂದೆ. ಲಕ್ಷಣ ಏನೂ ಇಲ್ಲದಿದ್ದರೆ ಆರಾರು ತಿಂಗಳಿಗೆ ಪೆಟ್ ಸ್ಕ್ಯಾನ್ ಮಾಡಿಸುವ ಅಗತ್ಯ ಇಲ್ಲ. ಮಗನಿಗೆ ಅಲ್ಲಿಂದಲೇ ಫೋನು ಮಾಡಿದರು, ಬಯಾಪ್ಸಿ ವರದಿಯ ಫೋಟೋ ವಾಟ್ಸ್‌ಆಪಿನಲ್ಲಿ ಬಂತು. ಈಆರ್ ಪಾಸಿಟಿವ್, ಪಿಆರ್ ಪಾಸಿಟಿವ್, ಹರ್-2 ಒಂದು. ಮೂರನ್ನೂ ಅವರೇ ಬೆರಳಿಟ್ಟು ಓದಿದರು.